ಎಲೆ ಕಲಸುವವನ ಹೇಳಿಕೆ

ಹೆಸರು ಕೊಟ್ರಬಸಪ್ಪ.
ವಯಸ್ಸು ಐವತ್ತೊಂಬತ್ತೋ ಅರವತ್ತೊಂದೋ,
ಆಧಾರ್ ಒಂದು ಹೇಳುತ್ತದೆ, ಅವ್ವ ಇನ್ನೊಂದು ಹೇಳುತ್ತಿದ್ದಳು.
ಕಸುಬು? ಇಲ್ಲಿ ನಿಮ್ಮ ಪೆನ್ನು ನಿಂತಿತು.
ಎಲೆ ಕಲಸುವುದು ಅಂದೆ.
ಯಾವ ಎಲೆ, ವೀಳ್ಯದೆಲೆಯಾ? ಅಂದಿರಿ.

ದಾವಣಗೆರೆ ಮಂಡಿಪೇಟೆ, ಗೋಣಿಚೀಲದಂಗಡಿಯ ಮಾಳಿಗೆ.
ಹದಿನೇಳು ಮೆಟ್ಟಿಲು, ಒಂಬತ್ತನೆಯದು ಅಲ್ಲಾಡುತ್ತದೆ.
ಸದಸ್ಯರಿಗೆ ಗೊತ್ತು,
ದಾಳಿಗೆ ಬಂದವರಿಗೆ ಗೊತ್ತಿರಲಿಲ್ಲ.
ನಮಗೆ ಅರ್ಧ ನಿಮಿಷ ಸಿಕ್ಕಿತು.
ಅರ್ಧ ನಿಮಿಷದಲ್ಲಿ
ಟೋಕನ್ನುಗಳನ್ನು ಮಂಡಕ್ಕಿ ಡಬ್ಬಿಗೆ ಸುರಿಯಬಹುದು.
ಸುರಿದೆ. ಅದನ್ನೂ ಬರೆದುಕೊಳ್ಳಿ.

ನಾನು ಸೇರಿದಾಗ ಗೋಡೆಯ ಮೇಲೊಂದು ಚೌಕಟ್ಟಿತ್ತು,
ಸೆಕ್ರೆಟರಿ ಗುರುಶಾಂತಪ್ಪನವರು ಹಾಕಿಸಿದ್ದು:
ರಮ್ಮಿ ಜಾಣ್ಮೆಯ ಆಟ, ಜೂಜಲ್ಲ. ಕೋರ್ಟಿನ ಮಾತು.
ಲಕ್ಷ್ಮಿಗೆ ಹಚ್ಚಿ ಉಳಿದ ಊದುಬತ್ತಿ
ದಿನಾ ಅದಕ್ಕೆ ಸಿಕ್ಕಿಸುತ್ತಿದ್ದೆ.
ಒಂದು ವರ್ಷ ತಿದ್ದುಪಡಿ ಬಂತು,
ಜಾಣರೂ ಪೆದ್ದರೂ ಒಂದೇ ಕಲಮಿನೊಳಗೆ.
ಚೌಕಟ್ಟು ಇಳಿಸಿದೆ, ಗೋಡೆಯಲ್ಲಿ ಬಿಳಿ ಚೌಕ ಉಳಿಯಿತು.
ಆಮೇಲೆ ತಿದ್ದಿದ್ದನ್ನೇ ಕೋರ್ಟು ಹೊಡೆದು ಹಾಕಿತಂತೆ,
ಮತ್ತೆ ಏರಿಸಿದೆ, ಅಷ್ಟರಲ್ಲಿ ಮೊಳೆ ಸಡಿಲಾಗಿತ್ತು.
ಕ್ಯಾಮೆರಾ ಇರಲಿ ಅಂದರು, ಇಟ್ಟೆವು.
ಗುರುತಿನ ಚೀಟಿ ಅಂದರು, ಸದಸ್ಯರೆಲ್ಲ ತಲೆ ಬಾಚಿಕೊಂಡು
ಫೋಟೋ ತೆಗೆಸಿಕೊಂಡರು.
ಅದೇ ಮೇಜು. ಅದೇ ಹದಿಮೂರು ಎಲೆ.
ಇವತ್ತು ತಾನು ಕಾಯ್ದೆಯ ಒಳಗೋ ಹೊರಗೋ
ಗುಲಾಮನಿಗೇನು ಗೊತ್ತು?
ಅಂದರ್ ಬಾಹರ್ ನಮ್ಮಲ್ಲಿ ಆಡಿಸುತ್ತಿರಲಿಲ್ಲ ಸಾಹೇಬರೇ,
ಅದನ್ನು ಆಡುತ್ತಿದ್ದದ್ದು ಕಾಯ್ದೆ.

ಪಂಚನಾಮೆಯಲ್ಲಿ ನೀವೇ ಓದಿ ಹೇಳಿದಿರಿ:
ಮೇಜು ಎರಡು, ಕುರ್ಚಿ ಹನ್ನೊಂದು,
ನಗದು ನಾಲ್ಕು ಸಾವಿರದ ಮುನ್ನೂರ ಅರವತ್ತು,
ಪರಾರಿ ಇಬ್ಬರು, ಎಲೆ ನೂರಾ ಐದು.
ಇರಬೇಕಾದದ್ದು ನೂರಾ ಆರು.
ಒಂದೆಲ್ಲಿ?

ಆಟೀನಿನ ರಾಣಿ.
ಅದು ನಿಟ್ಟುವಳ್ಳಿಯಲ್ಲಿದೆ, ಗಿರಿಜವ್ವನ ಚೀಲದಲ್ಲಿ.
ಅವಳ ಗಂಡ ಪಂಪಣ್ಣ, ಆಟೋಗಳ ವೈರಿಂಗ್ ಮಾಡುವವನು,
ಅಂಗಡಿಯ ಅಡ್ವಾನ್ಸು ತಂದು ಮೂರು ಮಧ್ಯಾಹ್ನದಲ್ಲಿ ಮುಗಿಸಿದ್ದ.
ನಾಲ್ಕನೆಯ ಮಧ್ಯಾಹ್ನ ಅವಳೇ ಹತ್ತಿ ಬಂದಳು.
ಒಂಬತ್ತನೆಯ ಮೆಟ್ಟಿಲು ಸದ್ದು ಮಾಡಲಿಲ್ಲ.
ಅವನ ಕೈಯಿಂದ ರಾಣಿಯನ್ನು ಕಿತ್ತು
“ಈಕಿ ಮನ್ಯಾಗಿರ್ಲಿ, ನಾನಿಲ್ಲಿ ಕುಂದರ್ತೀನಿ” ಅಂದಳು.
ಕೂತಳು. ದೀಪ ಹಚ್ಚುವ ಹೊತ್ತಿನವರೆಗೂ.
ಚಾ ಕೊಟ್ಟೆ, ಕುಡಿಯಲಿಲ್ಲ.
ಯಾರೂ ಎಲೆ ಎತ್ತಲಿಲ್ಲ.
ಯಾವ ಕಲಮೂ ನಮ್ಮ ಕ್ಲಬ್ಬನ್ನು ಅಷ್ಟು ಹೊತ್ತು ಮುಚ್ಚಿಸಿದ್ದಿಲ್ಲ.
ಪಂಪಣ್ಣ ಮತ್ತೆ ಬರಲಿಲ್ಲ.
ರಾಣಿಯ ಜಾಗದಲ್ಲಿ ಒಬ್ಬ ಜೋಕರ್
ಹೆಸರು ಬರೆಸಿಕೊಂಡು ಆಡುತ್ತಿದ್ದಾನೆ,
ಎಣಿಸಿ ನೋಡಿ.

ಇನ್ನು ಮುಂದಿನದು ಬರೆದುಕೊಳ್ಳಬೇಡಿ.
ಸೀಲು ಹಾಕಿದ ಬಾಗಿಲಿಗೆ ಕಾವಲು ತಿಪ್ಪೇಶಿ, ಹೊಸ ಹುಡುಗ.
ರಾತ್ರಿಯೆಲ್ಲ ಮುಖದ ಮೇಲೆ ಫೋನಿನ ನೀಲಿ ಬೆಳಕು,
ಹೆಬ್ಬೆರಳು ಎಲೆ ಜರುಗಿಸುತ್ತಿತ್ತು.
ಒಂದು ದಿನ ಬೆಳಕು ಆರಿತು.
“ದಿಲ್ಲಿಯಿಂದ್ಲೇ ಬಂದ್ ಮಾಡ್ಯಾರ, ಕೊಟ್ರಬಸಣ್ಣ.
ನನ್ನೆದ್ರು ಕುಂತು ಇಷ್ಟು ದಿನ ಗೆದ್ದೋನು ಯಾರು,
ಅದೇ ತಿಳೀಲಿಲ್ಲ ನೋಡು.”
ಎಷ್ಟು ಹೋಯಿತು ಅಂತ ನಾನು ಕೇಳಲಿಲ್ಲ.
ಕೈಯಲ್ಲಿ ಕಲಸೋದು ಹೆಂಗ, ತೋರ್ಸು ಅಂದ.
ಎಲೆಗಳೆಲ್ಲ ನಿಮ್ಮ ಠಾಣೆಯಲ್ಲಿದ್ದವು.
ಬರಿಗೈಯಲ್ಲಿ ತೋರಿಸಿದೆ,
ಕೆಳಗೆ ಮೆಣಸಿನಕಾಯಿ ಲಾರಿ ಖಾಲಿಯಾಗುತ್ತಿತ್ತು,
ಇಬ್ಬರೂ ಸೀನಿದೆವು.

ಕಸುಬಿನ ಕಾಲಂ ಖಾಲಿಯೇ ಬಿಟ್ಟಿದ್ದೀರಿ. ಇರಲಿ.
ಹೆಬ್ಬೆಟ್ಟು ಬೇಡ, ರುಜು ಹಾಕುತ್ತೇನೆ.
ಮೂವತ್ತು ವರ್ಷ ಕಲಸಿ ಕಲಸಿ
ಬೆರಳ ಗೆರೆಗಳು ಸವೆದಿವೆ.
ರೇಷನ್ ಅಂಗಡಿಯ ಯಂತ್ರ ನಾಲ್ಕು ಸಲ ಒತ್ತಿಸಿಕೊಂಡು
ಒಮ್ಮೆ ಅಕ್ಕಿ ಕೊಡುತ್ತದೆ, ಒಮ್ಮೆ ನಾಳೆ ಬಾ ಅನ್ನುತ್ತದೆ.
ಅದು ಜಾಣ್ಮೆಯೋ ಅದೃಷ್ಟವೋ,
ನಿಮ್ಮ ಪುಸ್ತಕದಲ್ಲಿ ಇದ್ದರೆ
ನೋಡಿ ಹೇಳಿ.